ಕಡುಬು ಹೆಗಡೆ

“ಕಡೂಬೂ ಹೆಗ್ಡೇ!” ಎಂದು ನರ್ಸ್ ಬಾಗಿಲಲ್ಲಿ ನಿಂತು ಕರೆದಾಗ ಏಳಬೇಕೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದೆ. ಶೆಫೀಲ್ಡಿನ ಒಂದು ಪಶು ಚಿಕಿತ್ಸಾಲಯ. ಎದುರಿನ ಬೆಂಚಿನ ಬಳಿ ಎರಡು ಲ್ಯಾಬ್ರಡಾರ್ ನಾಯಿಗಳು, ಪಕ್ಕದಲ್ಲಿ ಬುಟ್ಟಿಯೊಳಗಿಂದಲೇ ಎಲ್ಲರನ್ನೂ ಶಪಿಸುತ್ತಿದ್ದ ಒಂದು ಬೆಕ್ಕು, ನನ್ನ ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ 312 ಗ್ರಾಂ ತೂಕದ ಒಂದು ಹೆಣ್ಣಿಲಿ. ಇಲ್ಲಿ ಸಾಕುಪ್ರಾಣಿಯ ಹೆಸರಿಗೆ ಯಜಮಾನನ ಅಡ್ಡಹೆಸರನ್ನೂ ಸೇರಿಸಿ ದಾಖಲೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಪಾಲುಪಟ್ಟಿಯ ಜಗಳ ಎಲ್ಲವನ್ನೂ ಹೊತ್ತುಕೊಂಡು ಬಂದ ನಮ್ಮ ಮನೆತನದ ಹೆಸರು ಒಂದು ಇಲಿಯ ಬಾಲಕ್ಕೆ ಹೋಗಿ ಅಂಟಿಕೊಂಡಿತ್ತು. ನಗು ಬಂತು. ಯಾಕೋ ಸ್ವಲ್ಪ ಹೆಮ್ಮೆಯೂ ಆಯಿತು.

ಆ ಹೆಮ್ಮೆಯನ್ನು ಸಂಜೆ ಶಿರಸಿಯ ಬಳಿಯ ನಮ್ಮ ಮನೆಗೆ ಫೋನು ಮಾಡಿ ಹಂಚಿಕೊಂಡದ್ದೇ ತಪ್ಪಾಯಿತು. ಅಣ್ಣ ಬಿದ್ದು ಬಿದ್ದು ನಕ್ಕ. “ಹೆಗಡೆ ಅಂತ ಯಾಕೆ ಬರೆಸಿದೆ? ಹೆಗ್ಗಣ ಅಂತಲೇ ಬರೆಸಬೇಕಿತ್ತು” ಎಂದ. ಆಮೇಲೆ ಖರ್ಚು ಕೇಳಿದ. ನಾನು ಅರ್ಧಕ್ಕೆ ಇಳಿಸಿ ಹೇಳಿದೆ. ಆ ಅರ್ಧವನ್ನೇ ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದ ಅಣ್ಣ, “ಇಷ್ಟು ದುಡ್ಡಿನಲ್ಲಿ ಸೀಮೆಗೆಲ್ಲ ಬೋನು ಹಂಚಬಹುದಿತ್ತು” ಎಂದು ಫೋನನ್ನು ಆಯಿಯ ಕೈಗೆ ಕೊಟ್ಟ. ಆಯಿ ನಗಲಿಲ್ಲ. “ಇಲಿಗೆ ಆಪರೇಶನ್ನೋ?” ಎಂದಷ್ಟೇ ಕೇಳಿ ಸುಮ್ಮನಾದಳು. ಅದು ಅಣ್ಣನ ನಗುವಿಗಿಂತ ಹೆಚ್ಚು ಚುಚ್ಚಿತು.

ಮಗಳು ಕೇಳಿದ್ದು ನಾಯಿ. ಬಾಡಿಗೆ ಕರಾರಿನಲ್ಲಿ ನಾಯಿಗೆ ಜಾಗವಿರಲಿಲ್ಲ. ಅನಾಥ ಪ್ರಾಣಿಗಳನ್ನು ನೋಡಿಕೊಳ್ಳುವ ಕಡೆಯಿಂದ ಇಲಿ ತಂದೆವು. ಒಂದು ಸಾಕು ಎಂದರೆ ಅವರು ಒಪ್ಪಲಿಲ್ಲ, ಇಲಿ ಒಂಟಿಯಾಗಿ ಬಾಳುವ ಜೀವವಲ್ಲವಂತೆ. ಚೌತಿ ಕಳೆದು ವಾರವಾಗಿತ್ತು. ಒಂದು ಕಡುಬಾಯಿತು, ಇನ್ನೊಂದು ಚಕ್ಕುಲಿಯಾಯಿತು. ಸುಮಾರು ಒಂದು ವರ್ಷ ಕಳೆದ ಮೇಲೆ ಕಡುಬಿನ ಮುಂಗಾಲ ಸಂದಿಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಎಷ್ಟು ದೊಡ್ಡದು ಎಂದು ಹೆಂಡತಿ ಕೇಳಿದಾಗ ಬಾಯಿಗೆ ಬಂದದ್ದು “ಒಂದು ಚಿಕ್ಕ ಅಡಿಕೆಯಷ್ಟು.” ಊರು ಬಿಟ್ಟು ಹದಿನಾಲ್ಕು ವರ್ಷವಾದರೂ ನನ್ನ ಅಳತೆಗೋಲು ಬದಲಾಗಿಲ್ಲ.

ಹೆಣ್ಣಿಲಿಗಳಲ್ಲಿ ಇದು ತೀರ ಸಾಮಾನ್ಯ ಎಂದರು ಡಾಕ್ಟರು. ಸ್ತನದ ಅಂಗಾಂಶ ಕತ್ತಿನಿಂದ ಹಿಂಗಾಲ ಬುಡದವರೆಗೂ ಹರಡಿರುವುದರಿಂದ ಗಂಟು ಎಲ್ಲಿ ಬೇಕಾದರೂ ಏಳಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಇಲಿ ಅದನ್ನು ಎಳೆದುಕೊಂಡು ಓಡಾಡಬೇಕಾಗುವಷ್ಟು ಬೆಳೆಯುತ್ತವೆ. ಸಾಕಿದ ಇಲಿಯ ಆಯುಸ್ಸೇ ಎರಡರಿಂದ ಮೂರು ವರ್ಷ. ಕಡುಬಿಗೆ ಆಗಲೇ ಒಂದೂವರೆ. “ಸುಮ್ಮನೆ ಬಿಟ್ಟರೆ?” ಎಂದೆ. ನನ್ನ ಜೇಬನ್ನೂ ಮಗಳ ಮುಖವನ್ನೂ ಒಟ್ಟಿಗೆ ನೋಡಿದವರಂತೆ ಡಾಕ್ಟರು, ಎರಡೂ ದಾರಿ ಸರಿಯೇ, ಯಾವುದನ್ನು ಹಿಡಿದರೂ ತಪ್ಪಿಲ್ಲ ಎಂದರು. ಒಂದು ವಾರದಲ್ಲಿ ಆಪರೇಶನ್ನಿನ ದಿನ ಗೊತ್ತಾಯಿತು.

ನಾನು ಬೆರಗಾದದ್ದು ಅವರು ಕೊಟ್ಟ ಎರಡು ಪುಟದ ಹಾಳೆಗೆ. ಆಪರೇಶನ್ನಿನ ಹಿಂದಿನ ರಾತ್ರಿ ಉಪವಾಸ ಹಾಕಬೇಡಿ, ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಖಾಲಿಯಾದರೆ ಮಾತ್ರ ಬೇಗ ಸೋಲುತ್ತದೆ ಎಂದು ಅದರಲ್ಲಿತ್ತು. ಓದುತ್ತಿದ್ದಂತೆ ನಮ್ಮ ಅಟ್ಟ ಕಣ್ಣ ಮುಂದೆ ಬಂತು. ಅಪ್ಪ ಬೆಲ್ಲಕ್ಕೆ ಕಲಸಿಡುತ್ತಿದ್ದ ಪಾಷಾಣ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ: ತಿಂದದ್ದನ್ನು ಅದು ಕಕ್ಕುವಂತಿಲ್ಲ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇನ್ನುಳಿದದ್ದು ಮನೆಗೆ ತಂದ ಮೇಲಿನ ಆರೈಕೆ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಹಳೆಯ ಮೆತ್ತನೆಯ ಬಟ್ಟೆ ಹಾಸಿ. ಹತ್ತಿ ಇಳಿಯದಂತೆ ಒಂದೇ ಅಂತಸ್ತಿನ ಗೂಡಿನಲ್ಲಿಡಿ. ಮೈ ಚಿಕ್ಕದು, ಬೇಗ ತಣ್ಣಗಾಗುತ್ತದೆ, ಗೂಡಿನ ಅರ್ಧ ಭಾಗದ ಕೆಳಗೆ ಮಾತ್ರ ಶಾಖವಿಡಿ. ಸೆಖೆಯಾದರೆ ಅದೇ ಈಚೆ ಬರುತ್ತದೆ. ಹೊಲಿಗೆಯನ್ನು ಚರ್ಮದ ಒಳಗೇ ಹಾಕಿದೆ, ಆದರೂ ಕಡಿಯುತ್ತದೆಯೇ ಎಂದು ಕಣ್ಣಿಡಿ. ನೋವಿನ ಔಷಧ ಇಷ್ಟೇ ಹನಿ, ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಬೇಡಿ. ದಿನವೂ ತೂಕ ನೋಡಿ ಬರೆದಿಡಿ.

ತೂಕ ನೋಡಲು ಮನೆಯಲ್ಲಿದ್ದದ್ದು ಹೆಂಡತಿ ಹೋಳಿಗೆಯ ಬೇಳೆ ಅಳೆಯುವ ತಕ್ಕಡಿ. ಹೊಸ ತಕ್ಕಡಿ ಕೊಡಿಸುತ್ತೇನೆ ಎಂದು ಪ್ರಮಾಣ ಮಾಡಿದ ಮೇಲೆ ಸಿಕ್ಕಿತು. ಮೊದಲ ದಿನ 293. ಮೂರನೆಯ ದಿನ 288, ಅಂದು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬಾಳೆಹಣ್ಣನ್ನು ಮೊಸರಿನ ಹದಕ್ಕೆ ಕಿವುಚಿ ಬೆರಳ ತುದಿಯಲ್ಲಿ ಹಿಡಿದರೆ ಕಡುಬು ಎರಡೂ ಮುಂಗಾಲುಗಳಿಂದ ನನ್ನ ಉಗುರನ್ನು ಹಿಡಿದುಕೊಂಡು, ಕಣ್ಣು ಅರೆಮುಚ್ಚಿ, ನೆಕ್ಕುತ್ತಿತ್ತು. ಆ ಪಾದಗಳ ಬೆರಳುಗಳು ಎಳ್ಳು ಕಾಳಿಗಿಂತ ಸ್ವಲ್ಪ ಉದ್ದ. ಅವುಗಳಿಗೂ ಒಂದು ಹಿಡಿತವಿದೆ, ಬಿಗಿಯಿದೆ ಎಂಬುದು ನನಗೆ ನಲವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನು. “ಕಡುಬು ಹೇಗಿದ್ದಾಳೆ? ರಾತ್ರಿ ಏನಾದರೂ ತಿಂದಳೇ? ಹಿಕ್ಕೆ ಹಾಕಿದಳೇ?” ಅದೇ ನರ್ಸ್. ನಾನು ಕಚೇರಿಯ ಮೀಟಿಂಗಿನಿಂದ ಎದ್ದು ಬಂದು ಇಲಿಯ ಹಿಕ್ಕೆಯ ವರದಿ ಒಪ್ಪಿಸಿದೆ. ಫೋನಿಟ್ಟ ಮೇಲೆ ಬಂದ ಸಿಟ್ಟು ಮಾತ್ರ ಎಲ್ಲಿಂದಲೋ ಬಂದದ್ದು.

ಆರು ವರ್ಷದ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಶನ್ ಆಯಿತು. ನಮ್ಮ ಕಡೆಯದೇ ಒಂದು ಆಸ್ಪತ್ರೆ. ಕತ್ತರಿಸಿದ್ದು ಚೆನ್ನಾಗಿಯೇ ಕತ್ತರಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ದಿನ ಅಪ್ಪ “ಏಳನೇ ಬೆಡ್ಡು” ಆಗಿದ್ದ. ಡಾಕ್ಟರು ರೌಂಡಿಗೆ ಬಂದು ಮಾತಾಡುತ್ತಿದ್ದುದು ಕಾಲ ಬಳಿ ನಿಂತ ಅಣ್ಣನ ಜೊತೆ, ಮಲಗಿದವನ ಜೊತೆಗಲ್ಲ. ಬಿಡುವಾಗ ಕೊಟ್ಟ ಇಂಗ್ಲಿಷ್ ಹಾಳೆಯಲ್ಲಿ ಔಷಧದ ಹೆಸರುಗಳಿದ್ದವು, ಭಾರ ಎಷ್ಟು ದಿನ ಎತ್ತಬಾರದು ಎಂಬುದಿರಲಿಲ್ಲ. ಹನ್ನೆರಡನೆಯ ದಿನಕ್ಕೆ ಅಪ್ಪ ಕೊಟ್ಟಿಗೆಗೆ ಹುಲ್ಲಿನ ಹೊರೆ ಹೊತ್ತ. ಹೇಳಿದವರು ಯಾರು, ಕೇಳಲು? ಮರುದಿನ ಫೋನು ಮಾಡಿ “ಏನಾದರೂ ತಿಂದಿರಾ ಹೆಗಡೆಯವರೇ” ಎಂದು ಕೇಳುವುದು ಆ ಆಸ್ಪತ್ರೆಯ ಯಾರ ಕನಸಿನಲ್ಲೂ ಇರಲಿಲ್ಲ.

ಹಾಳೆಯ ಬದಲಿಗೆ ಅಪ್ಪನಿಗೆ ಸಿಕ್ಕಿದ್ದು ಊರು. ಬಂದವರೆಲ್ಲ ಒಂದೊಂದು ವಿಧಿ ತಂದರು. ಬದನೆ ನಂಜು. ಕುಂಬಳ ನಂಜು. ಹಲಸು ಕೇಳಲೇಬೇಡಿ. ಮೊಸರು ನಂಜು ಎಂದು ಒಬ್ಬರು, ಮೊಸರಿಲ್ಲದೆ ಗಾಯ ಒಣಗುವುದೇ ಇಲ್ಲ ಎಂದು ಅವರ ಅಳಿಯ, ಜಗಲಿಯ ಮೇಲೇ ವಾದ. ಒಟ್ಟು ಲೆಕ್ಕ ಹಾಕಿದರೆ ಅಪ್ಪ ತಿನ್ನಬಹುದಾಗಿದ್ದದ್ದು ಗಂಜಿ ಮತ್ತು ಉಪ್ಪು. ನಾನು ಇಲ್ಲಿಂದ ಫೋನಿನಲ್ಲಿ ಕೂಗಾಡಿದೆ: ಇದಕ್ಕೆಲ್ಲ ಆಧಾರ ಏನು, ಡಾಕ್ಟರನ್ನು ಕೇಳಿದಿರಾ? ಆಯಿ ಹೇಳಿದಳು, “ಡಾಕ್ಟರಿಗೆ ನಂಜಿನ ವಿಷಯ ಏನು ಗೊತ್ತು?”

ಹಾಗಾಗಿ ಇಲಿಯ ಹಾಳೆ ಕೈಯಲ್ಲಿ ಹಿಡಿದಾಗ ನನಗೆ ಊರಿನ ಮೇಲೆ ತಾಳ್ಮೆ ತಪ್ಪಿತು. ನಮ್ಮಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಕತ್ತರಿಸಿ ಹೊಲಿದ ಮೇಲಿನ ಹತ್ತು ದಿನಗಳನ್ನು ಮಾತ್ರ ಚಿಕಿತ್ಸೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಅದು ಹೆಂಗಸರ ಕೆಲಸ, ನೆಂಟರ ಕೆಲಸ, ದೇವರ ಕೆಲಸ. ಇಲ್ಲಿ ಮುನ್ನೂರು ಗ್ರಾಮಿನ ಜೀವಕ್ಕೂ ಆ ಹತ್ತು ದಿನಗಳ ಹೊಣೆಯನ್ನು ಒಬ್ಬರು ಹೊತ್ತಿರುತ್ತಾರೆ, ಅದನ್ನು ಬರೆದು ನಿಮ್ಮ ಕೈಗೂ ಒಂದು ಪಾಲು ಕೊಡುತ್ತಾರೆ. ಇದನ್ನೇ ಅಣ್ಣನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವನು “ಹೌದು ಮಾರಾಯ, ನಿಮ್ಮಲ್ಲಿ ಎಲ್ಲ ಸರಿ” ಎಂದು ತೋಟಕ್ಕೆ ಹೋದ.

ಅಣ್ಣನ ಅಂಗಡಿಯಲ್ಲಿ ಇಲಿಗೆ ಅಂಟಿನ ಹಲಗೆ ಇಡುತ್ತಾರೆ. ಇಂಗ್ಲೆಂಡಿನಲ್ಲಿ 2022ರ ಒಂದು ಕಾಯಿದೆಯಂತೆ, ಜುಲೈ 31, 2024ರಿಂದ, ಪರವಾನಗಿ ಇಲ್ಲದವರು ಅದನ್ನು ಇಡುವುದೇ ಅಪರಾಧ. ಅದನ್ನೂ ಹೇಳಬೇಕೆಂದಿದ್ದೆ. ಹೇಳದಿದ್ದದ್ದು ಒಳ್ಳೆಯದಾಯಿತು. ಐದನೆಯ ದಿನ ಗಾಯ ತೋರಿಸಲು ಹೋದಾಗ ಮುಂದೆ ಜಾಗ ಸಿಗದೆ ಕಾರನ್ನು ಚಿಕಿತ್ಸಾಲಯದ ಹಿಂಬದಿಗೆ ತೆಗೆದುಕೊಂಡು ಹೋದೆ. ಅಲ್ಲಿ, ಕಸದ ಡಬ್ಬಿಗಳ ಪಕ್ಕ, ಗೋಡೆಗೆ ಒತ್ತಿಕೊಂಡು ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಎರಡೂ ತುದಿಯಲ್ಲಿ ಇಲಿ ನುಗ್ಗುವಷ್ಟು ತೂತು, ಮೇಲೆ ವಿಷದ ಗುರುತು. ಅಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇಡುವುದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇಲಿಯ ಮೈಯಲ್ಲಿರುವುದು ಒಟ್ಟು ನಾಲ್ಕು ಚಮಚದಷ್ಟು ರಕ್ತ, ಆಪರೇಶನ್ನಿನಲ್ಲಿ ಒಂದು ಹನಿ ಹೆಚ್ಚು ಹೋದರೂ ನಮಗೆ ಭಯ ಎಂದು ಗೋಡೆಯ ಆಚೆ ಬದಿಯಲ್ಲಿ ನನಗೆ ಹೇಳಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದ ಎಂಬ ಗಾದೆಯನ್ನು ನಾನು ಅಷ್ಟು ಅಕ್ಷರಶಃ ಎಂದೂ ಕಂಡಿರಲಿಲ್ಲ.

ಈ ದೇಶದ ಇಲಿಪ್ರೀತಿಯ ಬೇರೂ ಅಲ್ಲಿಯೇ ಇದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಪಬ್ಬುಗಳಲ್ಲಿ ಇಲಿಗಳನ್ನು ಕಟಾಂಜನದೊಳಗೆ ಸುರಿದು, ಟೆರಿಯರ್ ನಾಯಿ ಬಿಟ್ಟು, ಎಷ್ಟು ನಿಮಿಷಕ್ಕೆ ಎಷ್ಟು ಕೊಂದಿತು ಎಂದು ಬಾಜಿ ಕಟ್ಟುತ್ತಿದ್ದರು. ರಾಣಿಯ ಇಲಿಗಾರ ಎಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತ ಬಣ್ಣ ಚೆನ್ನಾಗಿದ್ದವನ್ನು ಮಾತ್ರ ಉಳಿಸಿಕೊಂಡು, ಮರಿ ಮಾಡಿಸಿ ಮಾರುತ್ತಿದ್ದ. 1901ರಲ್ಲಿ ಏಲ್ಸ್‌ಬರಿಯ ಪ್ರದರ್ಶನದಲ್ಲಿ ಸಾಕಿದ ಇಲಿಗೂ ಸ್ಪರ್ಧೆ ನಡೆಯಿತು, 1976ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೇ ಹುಟ್ಟಿತು. ನಮ್ಮ ಭಯಕ್ಕೂ ಕಾರಣಗಳಿವೆ. 1898ರ ಪ್ಲೇಗಿನಿಂದ ಓಡಿದವರಿಗಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇಲಿಜ್ವರ ಇಂದಿಗೂ ತಮಾಷೆಯ ಮಾತಲ್ಲ. ನಮ್ಮ ಅಟ್ಟದ ಕಪ್ಪಿಲಿಯೂ ಈ ಕಡುಬೂ ಒಂದೇ ಜಾತಿಯೂ ಅಲ್ಲ.

ಇನ್ನೊಂದನ್ನು ಹೇಳದೆ ವಿಧಿಯಿಲ್ಲ. ಅಪ್ಪನ ಹರ್ನಿಯಾ ನನಗೂ ಬಂದಿದೆ, ಆಸ್ತಿಯಲ್ಲಿ ಸಿಕ್ಕ ಏಕೈಕ ಸಮಪಾಲು. ಕಡುಬಿಗೆ ವಾರದಲ್ಲಿ ಆದ ಆಪರೇಶನ್ನಿಗೆ ನಾನು ಕಾದದ್ದು ಹನ್ನೊಂದು ತಿಂಗಳು. ಮಾಡಿಸಿಕೊಂಡು ಬಂದ ಮೇಲೆ ಹಾಳೆ ಚೆನ್ನಾಗಿತ್ತು, ಭಾರ ಎತ್ತುವ ಲೆಕ್ಕವೂ ಇತ್ತು. ಬಾಗಿಲು ಬಡಿದವರು ಇರಲಿಲ್ಲ. ಎಡಗಡೆ ಮನೆಯವರು ಟಪಾಲಿನ ಸಂದಿಯಿಂದ ಒಂದು ಕಾರ್ಡು ತೂರಿಸಿ ಹೋದರು, ಹೂವಿನ ಚಿತ್ರವಿತ್ತು. ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ. ಮಧ್ಯಾಹ್ನ ಎರಡು ಗಂಟೆಗೆ ನಂಜಿನ ವಾದ ಮಾಡುವುದಕ್ಕಾದರೂ ಒಬ್ಬರು ಜಗಲಿಗೆ ಬರಬಾರದೇ ಅನ್ನಿಸಿತ್ತು. ನಮ್ಮ ಕಡೆಯ ಪಶು ಡಾಕ್ಟರೊಬ್ಬರು ಆಷಾಢದ ಮಳೆಯಲ್ಲಿ, ರಾತ್ರಿ ಒಂದಕ್ಕೆ, ಬೈಕಿನಲ್ಲಿ ಬಂದು, ಕರು ಅಡ್ಡ ಸಿಕ್ಕಿಕೊಂಡಿದ್ದ ನಮ್ಮ ಗೌರಿಯ ಹತ್ತಿರ ಬೆಳಗಿನವರೆಗೂ ಬಾಗಿ ನಿಂತಿದ್ದರು. ಹೋಗುವಾಗ ಯಾವ ಹಾಳೆಯನ್ನೂ ಕೊಡಲಿಲ್ಲ. ಚಹಾ ಕುಡಿದರು, ಅಷ್ಟೇ.

ಆಪರೇಶನ್ನಾದ ಮೊದಲ ರಾತ್ರಿ ಕಡುಬಿನ ಕಣ್ಣಂಚಿನಲ್ಲಿ ಕೆಂಪು ಒಸರಿತ್ತು. ರಕ್ತವಲ್ಲ, ಕಣ್ಣಿನ ಹಿಂದಿನ ಒಂದು ಗ್ರಂಥಿಯ ಬಣ್ಣ, ನೋವು ಅಥವಾ ಗಾಬರಿಯಾದಾಗ ಹೆಚ್ಚು ಬರುತ್ತದೆ, ಹುಷಾರಾದರೆ ತಾನೇ ಮುಖ ತೊಳೆದುಕೊಳ್ಳುತ್ತದೆ ಎಂದು ಹಾಳೆಯಲ್ಲಿತ್ತು. ಎರಡನೆಯ ರಾತ್ರಿ ಚಕ್ಕುಲಿಯನ್ನು ಒಳಗೆ ಬಿಟ್ಟು ಪಕ್ಕದಲ್ಲೇ ಕಾದು ಕುಳಿತೆವು. ಗಾಯದ ಕಡೆ ತಿರುಗಿಯೂ ನೋಡದೆ ಅದು ಕಡುಬಿನ ಮುಖವನ್ನು ನೆಕ್ಕಿ ಒರೆಸಿ, ಶಾಖವಿದ್ದ ಬದಿಯಲ್ಲಿ ಮೈಗೆ ಮೈ ಒತ್ತಿ ಮಲಗಿತು. ವೀಡಿಯೋ ಕರೆಯಲ್ಲಿ ಆಯಿ ಇದನ್ನು ನೋಡುತ್ತಿದ್ದಳು. ಅಂದಿನಿಂದ ದಿನವೂ ಅದೇ ಹೊತ್ತಿಗೆ ಅವಳೇ ಫೋನು ಮಾಡುತ್ತಿದ್ದಳು, ಮೊದಲು ಮೊಮ್ಮಗಳ ವಿಚಾರ, ಆಮೇಲೆ ನನ್ನದು, ಕೊನೆಗೆ ಏನೂ ಕುತೂಹಲವಿಲ್ಲದವಳ ದನಿಯಲ್ಲಿ, “ಅದು ಎಷ್ಟು ತೂಗಿತು?”

ಏಳನೆಯ ದಿನ 297. ಗಾಯ ಒಣಗುತ್ತಿದೆ ಎಂದೆ. ಏನು ತಿನ್ನಲು ಕೊಡುತ್ತಿದ್ದೀರಿ ಎಂದು ಕೇಳಿದಳು. ಬಾಳೆಹಣ್ಣು, ಬೇಯಿಸಿದ ಅನ್ನ, ನಾವು ಮಾಡಿದ ತರಕಾರಿಯಲ್ಲಿ ಉಪ್ಪು ಹಾಕುವ ಮೊದಲು ಎತ್ತಿಟ್ಟ ಎರಡು ಹೋಳು. “ಬದನೆ ಕೊಡಬೇಡ” ಎಂದಳು ಆಯಿ. “ನಂಜು.”

ಇಲಿಗೆಂಥ ನಂಜು ಎಂದು ನಕ್ಕು ಫೋನಿಟ್ಟೆ. ಎರಡು ಪುಟದ ಹಾಳೆಯನ್ನು ಫ್ರಿಜ್ಜಿನ ಬಾಗಿಲಿನಿಂದ ಬಿಡಿಸಿ ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದೆ. ಬದನೆಯ ಸುದ್ದಿಯೇ ಅದರಲ್ಲಿಲ್ಲ. ಆಮೇಲೆ ಗೂಡಿನ ಬಾಗಿಲು ತೆಗೆದು, ಕಡುಬಿನ ಬಟ್ಟಲಿನಲ್ಲಿದ್ದ ಬೆಂದ ಬದನೆಯ ಹೋಳನ್ನು ಎತ್ತಿ ಚಕ್ಕುಲಿಗೆ ಕೊಟ್ಟೆ.