ಡ್ರಾಕುಲಾನಿಗೂ ಒಂದು ಶಾಲು ಹೊದಿಸ್ರಿ

ಧಾರವಾಡದ ಯಾವ ಸಭೆಯಲ್ಲಾದರೂ ಎದ್ದು ನಿಂತು "ಪಿಕ್ಚರಿಗಿಂತಾ ಪುಸ್ತಕ ಛಲೋ ಅದ" ಅಂದುಬಿಡಿ, ಚಪ್ಪಾಳೆ ಗ್ಯಾರಂಟಿ. ಯಾವ ಪುಸ್ತಕ, ಯಾವ ಪಿಕ್ಚರು ಎಂದು ಯಾರೂ ವಿಚಾರಿಸುವುದಿಲ್ಲ. ಓದಿದ್ದೀರಾ ಅಂತ ಕೇಳಿದರಂತೂ ಮುಗೀತು, ನಿಮ್ಮನ್ನು ಬೆಂಗಳೂರಿನವರು ಅಂತ ತಿಳೀತಾರೆ.

ಮೊನ್ನೆ ಈ ಯೋಗ ಇಂಗ್ಲಿಷಿನ 'ಡ್ರಾಕುಲಾ' ಕಾದಂಬರಿಯ ರಕ್ತಪಿಶಾಚಿ ಡ್ರಾಕುಲಾನಿಗೆ ಒದಗಿತು, ಅವನ ಮೇಲೊಂದು ಉಪನ್ಯಾಸ. ಸ್ವಾಗತ, ಸಸಿಗೆ ನೀರು, ಆಮೇಲೆ ಅತಿಥಿಗಳ ಪರಿಚಯ. ಅದು ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನ ಹಾಗೆ ಸಾಗಿ, ಉಪನ್ಯಾಸದ ತುದಿ ಕಾಣುವ ಹೊತ್ತಿಗೆ ಹಿಂದಿನ ಸಾಲು ಚಹಾಕ್ಕೆ ಎದ್ದಿತ್ತು. ಮನೆಯವರು ಕರೆಯದೆ ರಕ್ತಪಿಶಾಚಿ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ ಎಂಬ ನಿಯಮ ಕಾದಂಬರಿಯಲ್ಲಿದೆ. ನಮ್ಮ ವೇದಿಕೆಗೆ ಅದು ಲಾಗೂ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿಲ್ಲದ ಮೂವರು ಆಗಲೇ ಕುರ್ಚಿ ಹಿಡಿದಿದ್ದರು.

ಉಪನ್ಯಾಸಕರು ಗುಡುಗಿದರು: "ಸಿನಿಮಾದವರು ಮೂಲಕೃತಿನ ಕೊಂದಾರ್ರಿ! ಕಾದಂಬರಿಯೊಳಗ ಸೂರ್ಯನ ಬೆಳಕು ಬಿದ್ದಕೂಡಲೇ ಅಂವಾ ಕರಗಿಹೋಗೋ ಆ ಪ್ರಸಂಗ ಅದಲ್ರಿ, ಏನ್ ಕಾವ್ಯ ಅದು!"

ಆ ಕಾವ್ಯ 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದದ್ದಲ್ಲ. 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು' ಕಟ್ಟಿದ್ದು. ಅನುಮತಿ ಕೇಳದೆ, ಡ್ರಾಕುಲಾನ ಹೆಸರನ್ನು ಓರ್ಲೊಕ್ ಎಂದು ತಿದ್ದಿ ತೆಗೆದ ಚಿತ್ರವದು. ಸ್ಟೋಕರನ ವಿಧವೆ ಕೋರ್ಟಿಗೆ ಹೋಗಿ ಪ್ರತಿಗಳನ್ನೆಲ್ಲ ನಾಶಮಾಡುವ ಆದೇಶ ತಂದರೂ ಕೆಲವು ಉಳಿದುಕೊಂಡವು. ಅದರಲ್ಲೊಂದು ನೇರ ನಮ್ಮ ಉಪನ್ಯಾಸಕರ ಟಿಪ್ಪಣಿಗೆ ಬಂದು ಸೇರಿದಂತಿದೆ. ಕಾದಂಬರಿಯ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಪಿಕಾಡಿಲಿಯಲ್ಲಿ ನಿಂತು, ಗಾಡಿಯಲ್ಲಿ ಕುಳಿತ ಚೆಲುವೆಯನ್ನು ದಿಟ್ಟಿಸುತ್ತಾನೆ. ಹಗಲಿಗೆ ಶಕ್ತಿ ಕಡಿಮೆ, ಅಷ್ಟೇ. ಮೀಸೆಯೂ ಇದೆ.

ನಂತರ ಉಪನ್ಯಾಸದಲ್ಲಿ ಡ್ರಾಕುಲಾನ ಜನ್ಮಜನ್ಮಾಂತರದ ಪ್ರೇಮ ಬಂತು. ಅದು 1992ರ ಚಿತ್ರದ್ದು. ಆ ಪುಣ್ಯಾತ್ಮರು ಶೀರ್ಷಿಕೆಗೇ ಸ್ಟೋಕರನ ಹೆಸರು ಅಂಟಿಸಿ, ಸ್ಟೋಕರ್ ಬರೆಯದ ಪ್ರೇಮಕಥೆಯನ್ನು ತೋರಿಸಿದರು. ಕೊನೆಗೆ, ಎದೆಗೆ ಗೂಟ. ಕಾದಂಬರಿಯಲ್ಲಿ ಗೂಟ ಬಿದ್ದದ್ದು ಪಾಪ, ಅವನಿಗೆ ಬಲಿಯಾಗಿ ತಾನೂ ಪಿಶಾಚಿಯಾದ ಲೂಸಿಗೆ. ಡ್ರಾಕುಲಾನ ಕತ್ತು ಸೀಳಿದ್ದು ಗೂರ್ಖಾಗಳ ಕುಕ್ರಿ, ಎದೆಗಿಳಿದದ್ದು ಅಮೆರಿಕದವನೊಬ್ಬನ ಚಾಕು. ಒಟ್ಟಿನಲ್ಲಿ ಸಿನಿಮಾದವರು ಸೇರಿಸಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ಹೊಗಳಿ, ಇದನ್ನೇ ಸಿನಿಮಾದವರು ಹಾಳುಮಾಡಿದರೆಂದು ಉಪನ್ಯಾಸಕರು ಕಣ್ಣೀರಿಟ್ಟರು.

ನನಗೆ ಆ ಕಾದಂಬರಿಯಲ್ಲಿ ಹಿಡಿಸಿದ್ದು ರಕ್ತವಲ್ಲ, ಕಾಗದಪತ್ರ. ಡೈರಿ, ಪತ್ರ, ತಂತಿ, ಪತ್ರಿಕೆಯ ವರದಿ ಜೋಡಿಸಿಯೇ ಕಥೆ ನಡೆಯುತ್ತದೆ. ಕಥೆಯ ನಾಯಕಿ ಮೀನಾ ಎಲ್ಲವನ್ನೂ ಟೈಪ್ ಮಾಡಿಡುತ್ತಾಳೆ. ಡ್ರಾಕುಲಾ ಬಂದು ಸುಟ್ಟುಹಾಕಿದರೆ ತಿಜೋರಿಯಲ್ಲಿ ಇನ್ನೊಂದು ಪ್ರತಿ. ಆ ಡ್ರಾಕುಲಾ ಕೂಡ ಕಡಿಮೆಯವನಲ್ಲ. ಇಂಗ್ಲೆಂಡಿಗೆ ಹೊರಡುವ ಮೊದಲು ಅಲ್ಲಿಯ ಇತಿಹಾಸ, ಕಾನೂನು, ರೀತಿರಿವಾಜಿನ ಪುಸ್ತಕ ತರಿಸಿಕೊಂಡು ಓದುತ್ತಾನೆ. ಸೋಫಾದ ಮೇಲೆ ಮಲಗಿ ರೈಲಿನ ವೇಳಾಪಟ್ಟಿಯನ್ನೂ ಬಿಡುವುದಿಲ್ಲ. ಮಾತಾಡುವ ಮೊದಲು ಓದಿಕೊಂಡು ಬರುವ ಪಿಶಾಚಿಯನ್ನು ನಾವು ಪಿಶಾಚಿ ಅನ್ನುತ್ತೇವೆ. ಓದದೆ ಮಾತಾಡುವವರಿಗೆ ಶಾಲು, ಹಾರ, ಒಂದು ಕಿಲೋ ಪೇಡೆ.

ಸಂವಾದದಲ್ಲಿ ಸಪ್ತಾಪುರದ ಕೋಚಿಂಗ್ ಹುಡುಗನೊಬ್ಬ ಎದ್ದ. "ಸರ್, ಕಾದಂಬರಿಯಾಗ ಅಂವಾ ಹಗಲೊತ್ತಿನ್ಯಾಗ ಅಡ್ಡಾಡ್ತಾನಲ್ರಿ?"

"ಅದು ಹಳೇ ಆವೃತ್ತಿ ತಮ್ಮಾ."

"ಹೊಸಾದ್ರಾಗ್ರೀ?"

"ಹೊಸಾದ್ರಾಗ ಸ್ಟೋಕರ್ ತಿದ್ದ್ಯಾನ."

"ಸರ್, ಅಂವಾ 1912ರಾಗ ತೀರಿಕೊಂಡಾನ್ರಿ."

ಅಧ್ಯಕ್ಷರು ಮೈಕು ಎಳೆದುಕೊಂಡರು: "ವಿದ್ವತ್ಪೂರ್ಣ ಚರ್ಚೆ ಆತು. ಸಮಯದ ಅಭಾವ ಅದ, ಊಟ ಆರಲಿಕ್ಕತ್ತದ. ತಮ್ಮಾ, ನೀ ಮೊದಲ ಪಿಕ್ಚರ್ ನೋಡಿ ಬಾ."