ಒಂದು ಮಾತು ಕೇಳೋಕೆ ಏನ್ರೀ ಕಷ್ಟ?

ಕಾಮಿಡಿ ಸೀರಿಯಲ್‌ಗಳಲ್ಲಿ ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುವ ಚಾಳಿ ಯಾವತ್ತು ಮುಗಿಯುತ್ತದೋ ದೇವರೇ ಬಲ್ಲ. ಗಂಡ ಫೋನಿನಲ್ಲಿ, "ಇನ್ನು ಇವಳನ್ನ ಸಾಕೋಕಾಗಲ್ಲ, ಕಳಿಸಿಬಿಡ್ತೀನಿ" ಅಂತಾನೆ. ಹೇಳಿದ್ದು ಹಸುವಿನ ಬಗ್ಗೆ. ಹೆಂಡತಿ ಸೂಟ್‌ಕೇಸ್ ತುಂಬಿಸಿಕೊಂಡು ಇಡೀ ಎಪಿಸೋಡ್ ಅಳುತ್ತಾಳೆ. "ಯಾರನ್ನ ರೀ?" ಅಂತ ಕೇಳಬಾರದಾ? ನಮ್ಮ ತುಮಕೂರಿನ ಬೀದಿಯಲ್ಲಿ ಇಂಥ ಕಥೆ ಎರಡು ನಿಮಿಷ ನಿಲ್ಲಲ್ಲ. ಎದುರುಮನೆ ಆಂಟಿ ಕಾಂಪೌಂಡ್ ಮೇಲಿಂದಲೇ ವಿಚಾರಿಸಿ, ಹಸುವಿಗೆ ಗಿರಾಕಿಯನ್ನೂ ಹುಡುಕಿಕೊಡುತ್ತಾರೆ.

ಇನ್ನು ಆ ಜಿಪುಣ ಯಜಮಾನ. ಮೊದಮೊದಲು ಚೆನ್ನಾಗಿರುತ್ತಾನೆ. ಮನೆಮಂದಿಯನ್ನೆಲ್ಲ ಕ್ಯಾತಸಂದ್ರಕ್ಕೆ ಕರೆದೊಯ್ದು, ಒಂದೇ ತಟ್ಟೆ ಇಡ್ಲಿ ಹೇಳಿ, ಚಟ್ನಿ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡರೆ ನಾವೂ ನಗ್ತೀವಿ. ಯಾಕಂದ್ರೆ ತಾನು ಭಾರಿ ಬುದ್ಧಿವಂತ ಅಂತ ಅವನು ನಂಬಿದ್ದಾನೆ. ಆಮೇಲಾಮೇಲೆ ಜಿಪುಣತನ ಬಿಟ್ಟರೆ ಅವನಲ್ಲಿ ಮನುಷ್ಯನೇ ಉಳಿಯಲ್ಲ. ಆರು ಗೆಳೆಯರ ಕಥೆಯ ಅಮೆರಿಕದ ಕಾಮಿಡಿ ಸೀರಿಯಲ್ 'ಫ್ರೆಂಡ್ಸ್'ನಲ್ಲೂ (1994-2004) ಅವರಲ್ಲೊಬ್ಬನಾದ ಜೋಯಿ ಬರ್ತಾ ಬರ್ತಾ ಜಾಸ್ತಿ ಪೆದ್ದನಾದ. ಆದ್ರೂ ಗೆಳೆಯರ ಮೇಲಿನ ಪ್ರೀತಿ ಉಳಿಸಿದರು, ಅದಕ್ಕೇ ಸಹಿಸಿಕೊಂಡ್ವಿ.

ಇನ್ನು ಜೋಕಿನ ಹಿಂದೆ ಬರೋ ಸದ್ದು. 1950ರ ದಶಕದಲ್ಲಿ ಅಮೆರಿಕದ ಸೌಂಡ್ ಇಂಜಿನಿಯರ್ ಚಾರ್ಲಿ ಡಗ್ಲಾಸ್ ರೆಕಾರ್ಡ್ ಮಾಡಿದ ನಗುವನ್ನೇ ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ಗುಂಡಿ ಒತ್ತಿ ಟಿವಿ ಕಾಮಿಡಿಗಳಿಗೆ ಸೇರಿಸುತ್ತಿದ್ದ. ಅದಾದರೂ ಮನುಷ್ಯರ ನಗು, ಅಲ್ವಾ? ನಮ್ಮ ಸೀರಿಯಲ್‌ಗಳಲ್ಲಿ ನಮಗೆ ಸಿಕ್ಕಿರೋದು 'ಟೊಂಯ್ಯ್' ಅನ್ನೋ ಸದ್ದು. ಅದೂ ಅತ್ತೆ, ಸೊಸೆ, ಕೆಲಸದವನು, ಎಲ್ಲರ ಮುಖಕ್ಕೂ ಒಂದೊಂದು ಸಲ!