ಬೆಕ್ಕಿಗೊಂದು ಪ್ರೊಫೆಸರ್ ಹುದ್ದೆ ಕೊಡಿ

ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರುವ ಪ್ರಾಧ್ಯಾಪಕ ಹುದ್ದೆಗಳಿಗೆ ಬೆಕ್ಕುಗಳನ್ನು ನೇಮಿಸಿಕೊಳ್ಳಬೇಕೆಂದು ಈ ಮೂಲಕ ಸರ್ಕಾರವನ್ನು ಆಗ್ರಹಿಸುತ್ತೇನೆ. ನಗುವವರು ನಗಲಿ. ಅಭ್ಯರ್ಥಿಗಳ ಸಂಶೋಧನಾ ಸಾಧನೆಯ ದಾಖಲೆ ನನ್ನ ಬಳಿ ಇದೆ.

ಮೊದಲ ಅಭ್ಯರ್ಥಿ ಎಫ್.ಡಿ.ಸಿ. ವಿಲ್ಲರ್ಡ್. ಮನೆಯಲ್ಲಿ ಕರೆಯುವ ಹೆಸರು ಚೆಸ್ಟರ್, ಜಾತಿ ಸಯಾಮಿ. 1975ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾಕ್ ಹೆದರಿಂಗ್ಟನ್, ಘನರೂಪದ ಹೀಲಿಯಂ-3ರಲ್ಲಿ ಪರಮಾಣುಗಳು ಹೇಗೆ ಸ್ಥಾನ ಬದಲಿಸಿಕೊಳ್ಳುತ್ತವೆ ಎಂಬುದರ ಬಗ್ಗೆ ಒಂದು ಸಂಶೋಧನಾ ಪೇಪರ್ ಬರೆದರು. ಬೆರಳಚ್ಚು ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ತಪ್ಪು ತೋರಿಸಿದರು: ಲೇಖಕರು ಒಬ್ಬರೇ ಇದ್ದೀರಿ, ಪೇಪರಿನ ತುಂಬಾ ‘ನಾವು’ ಎಂದು ಬರೆದಿದ್ದೀರಿ, ಪತ್ರಿಕೆಯವರು ವಾಪಸ್ ಕಳಿಸುತ್ತಾರೆ. ನಮ್ಮ ಕಡೆ ಸ್ವಾಮೀಜಿಗಳು ಒಬ್ಬರೇ ಇದ್ದರೂ ‘ನಾವು’ ಎನ್ನುತ್ತಾರೆ, ಯಾರೂ ವಾಪಸ್ ಕಳಿಸುವುದಿಲ್ಲ. ಅಮೆರಿಕದ ಭೌತವಿಜ್ಞಾನಕ್ಕೆ ಆ ಸೌಲಭ್ಯ ಇರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ, ಇಡೀ ಪೇಪರನ್ನು ಮತ್ತೆ ಬೆರಳಚ್ಚಿಸಬೇಕು. ಹೆದರಿಂಗ್ಟನ್ ಸುಲಭದ ದಾರಿ ಹಿಡಿದರು. ಮನೆಯ ಬೆಕ್ಕನ್ನು ಸಹಲೇಖಕನನ್ನಾಗಿ ಸೇರಿಸಿದರು. ಬೆಕ್ಕಿನ ಲ್ಯಾಟಿನ್ ಹೆಸರಾದ ಫೆಲಿಸ್ ಡೊಮೆಸ್ಟಿಕಸ್, ಚೆಸ್ಟರ್ ಎಂಬ ಹೆಸರು ಮತ್ತು ಅದರ ಅಪ್ಪನಾದ ವಿಲ್ಲರ್ಡನ ಹೆಸರು ಕೂಡಿ ಗಂಭೀರವಾದೊಂದು ಹೆಸರಾಯಿತು. ‘ಫಿಸಿಕಲ್ ರಿವ್ಯೂ ಲೆಟರ್ಸ್’ ಅದನ್ನು ಪ್ರಕಟಿಸಿತು. ಮುದ್ರಿತ ಪ್ರತಿಗಳಲ್ಲಿ ಕೆಲವಕ್ಕೆ ಬೆಕ್ಕು ಪಂಜೊತ್ತಿ ಸಹಿಯನ್ನೂ ಹಾಕಿತು.

ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಈ ವಿಲ್ಲರ್ಡ್ ಮಹಾಶಯರು ಅತಿಥಿ ಪ್ರಾಧ್ಯಾಪಕರಾಗಿಯಾದರೂ ನಮ್ಮಲ್ಲಿಗೆ ಬಂದರೆ ಎಷ್ಟು ಚೆನ್ನ ಎಂದು ತಮಾಷೆಗೆ ಪತ್ರವನ್ನೂ ಬರೆದಿದ್ದರು. ನಮ್ಮಲ್ಲಿ ಅತಿಥಿ ಉಪನ್ಯಾಸಕರಿಗೆ ಸಿಗುವ ಸಂಬಳ ನೋಡಿದರೆ ಬೆಕ್ಕು ಒಪ್ಪುವುದು ಅನುಮಾನ.

ಭೌತವಿಜ್ಞಾನಿ ಆಂದ್ರೆ ಗೈಮ್ 2001ರಲ್ಲಿ ತಮ್ಮ ಹ್ಯಾಮ್‌ಸ್ಟರನ್ನು ಸಹಲೇಖಕನಾಗಿಸಿದರು. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ಗಾಗಿ 2010ರ ನೊಬೆಲ್ ಬಂದಾಗ ಆ ಪ್ರಾಣಿಗೆ ಪಾಲು ಸಿಗಲಿಲ್ಲ, ಅದು ಬೇರೆ ಮಾತು. ರೋಗನಿರೋಧಕ ಶಕ್ತಿಯ ತಜ್ಞೆ ಪಾಲಿ ಮಾಟ್ಜಿಂಗರ್ 1978ರಲ್ಲಿಯೇ ತಮ್ಮ ನಾಯಿಯ ಹೆಸರನ್ನು ಪೇಪರಿಗೆ ಸೇರಿಸಿಯಾಗಿತ್ತು. ಈ ಮೂರು ಪೇಪರುಗಳಲ್ಲೂ ಒಂದು ಸಾಮಾನ್ಯ ದೋಷವಿದೆ. ಲೇಖಕ ಸುಳ್ಳು, ವಿಷಯ ನಿಜ. ಹೀಲಿಯಂ ನಿಜವಾಗಿ ಹೀಲಿಯಂ, ಲೆಕ್ಕ ನಿಜವಾಗಿ ಲೆಕ್ಕ. ಈ ದೋಷವನ್ನು ಈಗಿನವರು ತಿದ್ದಿಕೊಂಡಿದ್ದಾರೆ: ಈಗ ಲೇಖಕ ನಿಜ, ವಿಷಯ ಸುಳ್ಳು.

ಎರಡನೆಯ ಅಭ್ಯರ್ಥಿ ಲ್ಯಾರಿ. ಇವನೂ ಬೆಕ್ಕೇ, ಅಮೆರಿಕದ ಸಂಶೋಧನಾ ವಿದ್ಯಾರ್ಥಿ ರೀಸ್ ರಿಚರ್ಡ್‌ಸನ್ ಅವರ ಅಜ್ಜಿಯ ಮನೆಯವನು. ಒಂದು ಪೇಪರನ್ನು ಬೇರೆ ಪೇಪರುಗಳು ಎಷ್ಟು ಸಲ ಉಲ್ಲೇಖಿಸುತ್ತವೆ ಎಂಬುದರ ಮೇಲೆ ವಿಜ್ಞಾನಿಯ ತೂಕ. ಅಂಥ ಉಲ್ಲೇಖಗಳನ್ನು ದುಡ್ಡಿಗೆ ಮಾರುತ್ತೇವೆ ಎಂಬ ಜಾಹೀರಾತು ಕಂಡು, ಅದು ನಡೆಯುವ ಬಗೆಯನ್ನು ಬಯಲು ಮಾಡಲು ರಿಚರ್ಡ್‌ಸನ್ ಮತ್ತು ಜೊತೆಗಾರ ನಿಕ್ ವೈಸ್ 2024ರಲ್ಲಿ ಲ್ಯಾರಿಯ ಹೆಸರಿನಲ್ಲಿ 12 ಪೇಪರ್ ಸೃಷ್ಟಿಸಿದರು. ತಲೆಬುಡವಿಲ್ಲದ ಗಣಿತವನ್ನು ತಾನೇ ಬರೆಯುವ ತಂತ್ರಾಂಶವಿದೆ, ಕಷ್ಟವೇನೂ ಆಗಲಿಲ್ಲ. ಆ 12ನ್ನೂ ಉಲ್ಲೇಖಿಸುವ ಇನ್ನಷ್ಟು ಕಟ್ಟುಪೇಪರುಗಳು ಹುಟ್ಟಿದವು. ಪೇಪರುಗಳ, ಉಲ್ಲೇಖಗಳ ಲೆಕ್ಕ ಇಡುವ ಗೂಗಲ್ ಸ್ಕಾಲರ್ ಅವನ್ನೆಲ್ಲ ಭಕ್ತಿಯಿಂದ ಎಣಿಸಿ, ನೂರಕ್ಕೂ ಹೆಚ್ಚು ಉಲ್ಲೇಖಗಳನ್ನು ಲ್ಯಾರಿಯ ಖಾತೆಗೆ ಜಮಾ ಮಾಡಿತು. ಪಾಪ ವಿಲ್ಲರ್ಡ್ ಸುಮಾರು ಐವತ್ತು ವರ್ಷದಲ್ಲಿ ಗಳಿಸಿದ್ದನ್ನು ಲ್ಯಾರಿ ಕೆಲವೇ ವಾರಗಳಲ್ಲಿ ಹಿಂದಿಕ್ಕಿದ. ಲ್ಯಾರಿ ಮಾತ್ರ ಇದಕ್ಕಾಗಿ ಬಡ್ತಿ ಕೇಳಲಿಲ್ಲ.

ಲೇಖಕ ಬೆಕ್ಕಾದರೆ ಸಂಪಾದಕ ಯಾರು? ನಾಯಿ. ಆಸ್ಟ್ರೇಲಿಯಾದ ಪರ್ತ್ ನಗರದ ಸಾರ್ವಜನಿಕ ಆರೋಗ್ಯ ತಜ್ಞ ಮೈಕ್ ಡಾಬ್ ಅವರು ಸಾಕಿದ ಆಲಿ ಎಂಬ ಟೆರಿಯರ್, ಡಾ. ಒಲಿವಿಯಾ ಡಾಲ್ ಎಂಬ ಹೆಸರಿನಲ್ಲಿ ಏಳು ವೈದ್ಯಕೀಯ ಜರ್ನಲ್‌ಗಳ ಸಂಪಾದಕ ಮಂಡಳಿಗೆ ಆಯ್ಕೆಯಾಯಿತು. ಅರ್ಜಿಯಲ್ಲಿ ತೋರಿಸಿದ್ದ ಸಂಶೋಧನಾ ಆಸಕ್ತಿ: ಮಧ್ಯಮ ಗಾತ್ರದ ನಾಯಿಗಳ ಹೊಟ್ಟೆ ನೀವುವುದರ ಪ್ರಯೋಜನಗಳು. ಯಾರಿಗೂ ಅನುಮಾನ ಬರಲಿಲ್ಲ. ಪರಿಶೀಲನೆಗೆಂದು ಗೆಡ್ಡೆಗಳ ಚಿಕಿತ್ಸೆಯ ಬಗೆಗಿನ ಪೇಪರನ್ನೂ ನಾಯಿಗೆ ಕಳಿಸಲಾಯಿತು. ಆಸಕ್ತಿಯಿರುವ ಕ್ಷೇತ್ರವನ್ನು ಸ್ವಂತ ಅನುಭವದಿಂದ ಬಲ್ಲ ಸಂಪಾದಕರು ಎಷ್ಟು ಜನ ಸಿಗುತ್ತಾರೆ ಹೇಳಿ?

ಬೆಕ್ಕು ಲೇಖಕ, ನಾಯಿ ಸಂಪಾದಕ. ಇಲಿಗೇನು ಉಳಿಯಿತು? ಚಿತ್ರದಲ್ಲಿ ಜಾಗ. 2024ರ ಫೆಬ್ರುವರಿಯಲ್ಲಿ ‘ಫ್ರಾಂಟಿಯರ್ಸ್’ ಸಮೂಹದ ಜೀವಕೋಶ ವಿಜ್ಞಾನದ ಜರ್ನಲ್‌ನಲ್ಲಿ ಬಂದ ಪೇಪರಿಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಇಲಿಯ ಚಿತ್ರವಿತ್ತು. ಇಲಿ ಹಿಂಗಾಲಿನ ಮೇಲೆ ಕುಳಿತು ತಲೆಯೆತ್ತಿ ನೋಡುತ್ತಿದೆ. ನೋಡುತ್ತಿರುವುದು ತನ್ನದೇ ಒಂದು ಅಂಗವನ್ನು. ಆ ಅಂಗ ಇಲಿಗಿಂತ ದೊಡ್ಡದಾಗಿ ಬೆಳೆದು ಚಿತ್ರದ ಚೌಕಟ್ಟನ್ನೂ ದಾಟಿದೆ. ಮನೆಮಂದಿಯೆಲ್ಲ ಓದುವ ಅಂಕಣವಾದ್ದರಿಂದ ಯಾವ ಅಂಗ ಎಂದು ಬರೆಯುವುದಿಲ್ಲ; ಪೇಪರಿನ ವಿಷಯ ವೀರ್ಯಾಣುಗಳ ಮೂಲಕೋಶ ಎಂದಷ್ಟು ಹೇಳಿದರೆ ಸಾಕು. ಸುತ್ತಲೂ ಬಾಣದ ಗುರುತು ಹಾಕಿ ಬರೆದ ಹೆಸರುಗಳಲ್ಲಿ ಯಾವ ನಿಘಂಟಿನಲ್ಲೂ ಇಲ್ಲದ ಪದಗಳಿವೆ. ಒಂದು ಬಾಣ ಮಾತ್ರ ಸರಿಯಾಗಿ ಇಲಿಯತ್ತ ಹೋಗಿ ‘ಇಲಿ’ ಎನ್ನುತ್ತದೆ. ಪರಿಶೀಲಕರು ಬಹುಶಃ ಅದೊಂದನ್ನು ತಾಳೆ ನೋಡಿ ಅಸ್ತು ಎಂದಿರಬೇಕು. ಜಾಲತಾಣದ ಜನ ನಕ್ಕು ನಕ್ಕು ಸುಸ್ತಾದ ಮೇಲೆ, ಪ್ರಕಟವಾದ ಮೂರೇ ದಿನಕ್ಕೆ ಪೇಪರನ್ನು ಹಿಂಪಡೆಯಲಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಹೋದದ್ದು ಇಲಿಯ ಮಾನ.

ನಿಮ್ಮ ಮೊಬೈಲ್ ಬ್ಯಾಟರಿ ಬೇಗ ಖಾಲಿಯಾಗುತ್ತದೆಯೇ? ಅದರ ಬಗ್ಗೆಯೂ ಸಂಶೋಧನೆ ಭರದಿಂದ ಸಾಗಿದೆ. 2024ರಲ್ಲಿಯೇ ಎಲ್ಸೆವಿಯರ್ ಪ್ರಕಾಶನದ ಜರ್ನಲ್ ಒಂದರಲ್ಲಿ ಲಿಥಿಯಂ ಬ್ಯಾಟರಿಯ ಕುರಿತ ಪೇಪರ್ ಬಂತು. ಪೀಠಿಕೆಯ ಮೊದಲ ಸಾಲು ಹೀಗಿದೆ: “ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಒಂದು ಪೀಠಿಕೆ ಇಲ್ಲಿದೆ.” ಚಾಟ್‌ಬಾಟ್ ವಿನಯದಿಂದ ಕೊಟ್ಟ ಉತ್ತರವನ್ನು ಲೇಖಕರು ಇದ್ದಂತೆಯೇ ಎತ್ತಿ ಅಂಟಿಸಿದ್ದರು. ಸಹಲೇಖಕರು, ಪರಿಶೀಲಕರು, ಸಂಪಾದಕರು, ಕರಡು ತಿದ್ದುವವರು ಎಲ್ಲರ ಕೈ ದಾಟಿ ಅದು ಅಚ್ಚಾಯಿತು. ಐದನೆಯ ಪುಟದ ಅಡಿಟಿಪ್ಪಣಿಯಲ್ಲಿ ಅಡಗಿದ್ದರೆ ಕ್ಷಮಿಸಬಹುದಿತ್ತು. ಇದು ಮೊದಲ ಸಾಲು. ಅದೇ ವರ್ಷ ರೋಗಿಯೊಬ್ಬರ ಪ್ರಕರಣದ ವರದಿಯಲ್ಲಿ, ತಾನು ಭಾಷಾ ಮಾದರಿಯಾದ್ದರಿಂದ ರೋಗಿಯ ಮಾಹಿತಿ ತನ್ನ ಬಳಿ ಇಲ್ಲವೆಂದು ಯಂತ್ರ ಕ್ಷಮೆ ಕೇಳಿದ ವಾಕ್ಯವೂ ಹಾಗೆಯೇ ಅಚ್ಚಾಗಿತ್ತು. ಇಡೀ ಪ್ರಕರಣದಲ್ಲಿ ಸತ್ಯ ನುಡಿದದ್ದು ಆ ಯಂತ್ರವೊಂದೇ.

ಹಾಗೆಂದು ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವಂತಿಲ್ಲ. ಜರ್ನಲ್‌ಗಳಿಂದ ನಮ್ಮಲ್ಲಿ ಪೇಪರ್ ಪ್ರಕಟಿಸಿ ಎಂದು ಬರುವ ರಾಶಿ ರಾಶಿ ಆಹ್ವಾನಗಳಿಂದ ಬೇಸತ್ತ ಆಸ್ಟ್ರೇಲಿಯಾದ ಕಂಪ್ಯೂಟರ್ ವಿಜ್ಞಾನಿ ಪೀಟರ್ ವ್ಯಾಂಪ್ಲ್ಯೂ, ‘ನಿಮ್ಮ ದರಿದ್ರ ಪಟ್ಟಿಯಿಂದ ನನ್ನ ಹೆಸರು ಕಿತ್ತುಹಾಕಿ’ ಎಂಬರ್ಥದ ಒಂದೇ ಬೈಗುಳದ ವಾಕ್ಯ ಪುಟಪುಟಗಳಲ್ಲೂ ಮರುಕಳಿಸುವ ಪೇಪರೊಂದನ್ನು ಕಳಿಸಿದರು. ಅದು ಅವರದೂ ಅಲ್ಲ, ಬೇರೆ ಇಬ್ಬರು 2005ರಲ್ಲಿಯೇ ಬರೆದಿಟ್ಟದ್ದು. 2014ರಲ್ಲಿ ಆ ಜರ್ನಲ್ ಅದನ್ನು ‘ಅತ್ಯುತ್ತಮ’ ಎಂದು ಒಪ್ಪಿಕೊಂಡು, ಪ್ರಕಟಿಸಲು 150 ಡಾಲರ್ ಕಟ್ಟಿ ಎಂದಿತು. ಪಟ್ಟಿಯಿಂದ ಹೆಸರು ಕಿತ್ತರೋ ಇಲ್ಲವೋ, ಶುಲ್ಕವನ್ನಂತೂ ಮರೆಯಲಿಲ್ಲ.

ಈ ವ್ಯಾಪಾರದಲ್ಲಿ ನಮ್ಮವರು ಹಿಂದೆ ಬಿದ್ದಿದ್ದಾರೆ ಎಂದು ಯಾರೂ ಕೊರಗಬೇಕಾಗಿಲ್ಲ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಸಂಶೋಧಕರಿಗೆ ಮೋಸ ಮಾಡಿದೆ ಎಂದು 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ಗಿರಾಕಿಗಳಿಗೂ ಬರವಿಲ್ಲ. ಕಾಲೇಜು ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿ ಬಂದಂದಿನಿಂದ ವರ್ಷದ ಕೊನೆಗೆ ಯಾವುದೇ ಕಾಲೇಜಿನ ಪ್ರಾಂಶುಪಾಲರ ಕೊಠಡಿಯಲ್ಲಿ ಕೇಳಿಬರಬಹುದಾದ ಸಂಭಾಷಣೆ ಇದು.

“ಈ ವರ್ಷ ಎಷ್ಟಾಯಿತು ಮೇಷ್ಟ್ರೇ?”

“ಮೂರು ಸರ್. ಎರಡು ಇಂಟರ್‌ನ್ಯಾಷನಲ್.”

“ಭೇಷ್. ಐಎಸ್‌ಎಸ್‌ಎನ್ ನಂಬರ್ ಇದೆ ತಾನೆ?”

“ಮೂರಕ್ಕೂ ಇದೆ ಸರ್.”

“ಹಾಗಾದರೆ ಜೆರಾಕ್ಸ್ ಲಗತ್ತಿಸಿ, ಸ್ವಯಂ ದೃಢೀಕರಿಸಿ ಕೊಡಿ.”

ಐಎಸ್‌ಎಸ್‌ಎನ್ ಎಂಬ ಜರ್ನಲ್ಲಿನ ಗುರುತಿನ ಸಂಖ್ಯೆ ವಿಚಾರಿಸಿದ್ದಾಯಿತು; ಪೇಪರ್ ಯಾವುದರ ಬಗ್ಗೆ ಎಂಬ ಪ್ರಶ್ನೆಯೇ ಬರಲಿಲ್ಲ, ಗಮನಿಸಿ. ಅದಕ್ಕೆ ನಮೂನೆಯಲ್ಲಿ ಅಂಕವಿಲ್ಲ. ರದ್ದಿ ಅಂಗಡಿಯವನಾದರೂ ತೂಕಕ್ಕೆ ಹಾಕುವ ಮುನ್ನ ಕಟ್ಟಿನೊಳಗೆ ಕಲ್ಲಿದೆಯೇ ಎಂದು ಒಮ್ಮೆ ತಟ್ಟಿ ನೋಡುತ್ತಾನೆ.

ಬೆಕ್ಕಿಗೆ ಗಂಟೆ ಕಟ್ಟುವ ಪ್ರಯತ್ನಗಳೇನೋ ನಡೆದಿವೆ. ಯುಜಿಸಿ 2018ರಲ್ಲಿ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ಅವು ಪಟ್ಟಿಯೊಳಗೆ ಹೇಗೆ ಬಂದವು ಎಂಬುದೇ ಒಂದು ಒಳ್ಳೆಯ ಸಂಶೋಧನಾ ವಿಷಯ, ಪ್ರಕಟಿಸಲು ಜರ್ನಲ್ ಸಿಕ್ಕಿದರೆ. ಮುಂದೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟಾಯಿತು. ಪಿಎಚ್.ಡಿ.ಗೆ ಪೇಪರ್ ಪ್ರಕಟಿಸಲೇಬೇಕೆಂಬ ಕಡ್ಡಾಯ 2022ರ ನಿಯಮದಲ್ಲಿ ಹೋಯಿತು. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಕಡ್ಡಾಯ ಮಾಡಿಕೊಳ್ಳುವುದನ್ನು ತಡೆಯುವವರಿಲ್ಲ.

ಈಚೆಗೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸ್ಥಾನ ನೀಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದವರು ಹಿಂಪಡೆದ ಪೇಪರುಗಳಿಗೆ ಅಂಕ ಕಳೆಯಲು ಶುರು ಮಾಡಿದ್ದಾರೆ. ಇದರಿಂದ ಕಾಲೇಜುಗಳಲ್ಲಿ ಸಣ್ಣದೊಂದು ಗೊಂದಲ ಎದ್ದಿದೆ. ಪೇಪರ್ ಹಿಂಪಡೆದಾಗ ಜರ್ನಲ್‌ನವರು ಹಾಗೆಂದು ಒಂದು ಸೂಚನೆ ಪ್ರಕಟಿಸುತ್ತಾರಲ್ಲ, ಅದಕ್ಕೆ ಬೇರೆಯೇ ಡಿಒಐ, ಅಂದರೆ ಪೇಪರಿನ ಗುರುತಿನ ಸಂಖ್ಯೆ, ಇರುತ್ತದೆ, ಸಂಪುಟ ಸಂಖ್ಯೆ ಇರುತ್ತದೆ, ಲೇಖಕರ ಹೆಸರೂ ಇರುತ್ತದೆ. ಅದನ್ನು ಬಡ್ತಿ ಅರ್ಜಿಯಲ್ಲಿ ಪ್ರತ್ಯೇಕ ಪ್ರಕಟಣೆಯಾಗಿ ತೋರಿಸಬಹುದೇ ಎಂದು ಪರಿಚಯದ ಮೇಷ್ಟ್ರೊಬ್ಬರು ನನ್ನನ್ನು ಕೇಳುತ್ತಿದ್ದರು. ಅಂತರರಾಷ್ಟ್ರೀಯ ಕಾಲಮ್ಮಿನಲ್ಲಿ ಹಾಕಿ ಸರ್, ಜೆರಾಕ್ಸ್ ಲಗತ್ತಿಸುವುದನ್ನು ಮರೆಯಬೇಡಿ ಎಂದೆ.